ಕೀ ಕೊಡೋ ಕಿಚನ್ ಟೈಮರ್: ಲೆಕ್ಕದ ಟೇಬಲ್ಲಿಗೆ ತಂದಿಟ್ಕೊಂಡ ಮೇಲೆ

ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ, ಚಾರ್ಜ್ ಮಾಡೋದೂ ಇಲ್ಲ. ತಿರುಗಿಸಿ ಬಿಟ್ರೆ ಟಿಕ್ ಟಿಕ್ ಅಂತ ಹಿಂದೆ ಬರ್ತಾ ಬರ್ತಾ ಸೊನ್ನೆ ಮುಟ್ಟಿದ ಕೂಡ್ಲೆ ಟ್ರಿಣ್ಣ್ ಅಂತ ಒಂದ್ಸಲ ಹೊಡ್ಕೊಂಡು ಸುಮ್ನಾಗತ್ತೆ. ಕೇಕ್ ಮಾಡೋರು ಓವನ್ ಪಕ್ಕ ಇಟ್ಕೊಳ್ತಾರಲ್ಲ, ಅದೇ 60 ನಿಮಿಷದ ಕಿಚನ್ ಟೈಮರ್. ಶಿರಸಿ ಪೇಟೇಲಿ ಕೇಕಿನ ಸಾಮಾನು ಮಾರೋ ಅಂಗಡೀಲಿ 300 ರೂಪಾಯಿ ಆಸುಪಾಸಿಗೆ ಸಿಕ್ತು, ಆನ್‌ಲೈನಲ್ಲೂ ಹೆಚ್ಚುಕಮ್ಮಿ ಅದೇ ರೇಟು. ನಾನು ತಂದಿದ್ದು ಅಡಿಗೆಮನೆಗಲ್ಲ, ಲೆಕ್ಕ ಬರಿಯೋ ಟೇಬಲ್ಲಿಗೆ. ಒಂದು ಮಳೆಗಾಲ, ಒಂದು ಅಡಿಕೆ ಕೊಯ್ಲು ಎರಡೂ ಇದರ ಜೊತೆ ಕಳೀತು, ಹಾಗಾಗಿ ಈಗ ಧೈರ್ಯವಾಗಿ ಹೇಳ್ಬಹುದು: ತಗೊಳ್ಳಿ. ಆದ್ರೆ ಯಾಕೆ ತಗೋಬೇಕು ಅನ್ನೋದು ಮುಖ್ಯ, ಅದನ್ನ ಸ್ವಲ್ಪ ಉದ್ದಕ್ಕೆ ಬರೀತೇನೆ.

ನಮ್ದು ಶಿರಸಿಯಿಂದ ಒಳಗೆ ಹಳ್ಳಿ. ಪೇಟೆಯ ಸಣ್ಣ ಅಂಗಡಿಯೋರದ್ದು, ಒಂದಿಬ್ರು ಅಡಿಕೆ ವ್ಯಾಪಾರದೋರದ್ದು ಲೆಕ್ಕ ಬರ್ದು ಜಿಎಸ್‌ಟಿ ರಿಟರ್ನ್ ಹಾಕಿ ಕೊಡೋದು ನನ್ನ ಕೆಲ್ಸ. 11ನೇ ತಾರೀಖಿಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟೋ ಒಟ್ಟು ಲೆಕ್ಕ), ತಿಂಗ್ಳು ತಿಂಗ್ಳೂ ಇದೇ ಓಟ. ಕಷ್ಟದ ಕೆಲ್ಸ ಅಂತಲ್ಲ, ಆದ್ರೆ ಬಿಲ್ಲುಗಳನ್ನ ಒಂದೊಂದಾಗಿ ತಾಳೆ ನೋಡ್ತಾ ಇರೋವಾಗ ನಡುವೆ ವಾಟ್ಸ್ಯಾಪ್ ಬಂತು ಅಂತ ಎದ್ದು ನೋಡಿ, ಅಲ್ಲಿ ಯಾರದ್ದೋ ಮನೆ ಉಪನಯನದ ಫೋಟೊ, ಅಲ್ಲಿಂದ ಒಂದು ವಿಡಿಯೊ, ವಾಪಸ್ ಬಂದು ಕೂತ್ರೆ ಯಾವ ಬಿಲ್ಲಲ್ಲಿದ್ದೆ ಅನ್ನೋದೇ ಗೊತ್ತಾಗಲ್ಲ, ಮತ್ತೆ ಮೇಲಿಂದ ಶುರು ಮಾಡ್ಬೇಕು. ಹೋಗೋದು ಬರೀ ಆ ಎರಡು ನಿಮಿಷ ಅಲ್ಲ. ಅರ್ಧಕ್ಕೆ ಬಿಟ್ಟು ಬಂದ ಕೆಲ್ಸದ ಮೇಲೆ ಮನಸ್ಸಿನ ಒಂದು ಭಾಗ ಹಾಗೇ ಉಳ್ಕೊಳ್ಳತ್ತೆ, ಅದ್ರಿಂದ ಮುಂದಿನ ಕೆಲ್ಸ ಹಾಳಾಗತ್ತೆ ಅಂತ ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲೇ ತೋರಿಸಿಕೊಟ್ಟಿದ್ದಾರೆ. ಇನ್ನೊಬ್ರು ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್, ಜನ ಸ್ಕ್ರೀನ್ ಮೇಲೆ ಒಂದೇ ಕಡೆ ಎಷ್ಟು ಹೊತ್ತು ನಿಲ್ತಾರೆ ಅಂತ ವರ್ಷಗಟ್ಟಲೆ ಅಳೆದೋರು. 2004ರ ಹೊತ್ತಿಗೆ ಸರಾಸರಿ ಎರಡೂವರೆ ನಿಮಿಷ ಇದ್ದಿದ್ದು ಈಚೆಗೆ 47 ಸೆಕೆಂಡಿಗೆ ಇಳಿದಿದೆ ಅಂತ ಅವರ ಲೆಕ್ಕ. 47 ಸೆಕೆಂಡಲ್ಲಿ ಒಂದು ಬಿಲ್ಲೂ ಸರಿಯಾಗಿ ಓದೋಕೆ ಆಗಲ್ಲ ಮಾರಾಯ್ರೆ!

ಇಷ್ಟಾಗಿ ನಮ್ಮ ಜನಕ್ಕೆ ಗಮನದ ಶಕ್ತಿ ಇಲ್ಲ ಅಂತ ನಾನು ಒಪ್ಪಲ್ಲ. ಯಕ್ಷಗಾನದ ಆಟ ಶುರುವಾದ್ರೆ ಬೆಳಗಿನ ಜಾವದ ತನಕ ಬಯಲಲ್ಲಿ ಕೂತು ಭಾಗವತರ ಒಂದು ಪದ್ಯ ಬಿಡದೆ ಕೇಳೋ ಊರು ಇದು. ಶಕ್ತಿ ಇದೆ. ನಡುವೆ ಕರೆಯೋ ವಸ್ತು ಒಂದು ಕೈಗೆ ಸಿಗೋ ಹಾಗೆ ಇರ್ಬಾರ್ದು, ಅಷ್ಟೇ.

ಈಗ ಟೈಮರ್ ವಿಷಯ. ಫೋನಲ್ಲೇ ಟೈಮರ್ ಇದ್ಯಲ್ಲ, ದುಡ್ಡು ಯಾಕೆ ಅಂತ ನಮ್ಮನೆಯೋರೂ ಕೇಳಿದ್ರು. ಗಮನ ಕೆಡಿಸೋ ಆ್ಯಪ್‌ಗಳನ್ನ ಸುಮ್ನಿರಿಸೋಕೆ ಆಂಡ್ರಾಯ್ಡಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಒಳಗೆ ಫೋಕಸ್ ಮೋಡ್ ಇದೆ, ಐಫೋನಲ್ಲೂ ಇದೆ, ಎರಡೂ ಪುಕ್ಕಟೆ, ಕೆಲ್ಸಾನೂ ಮಾಡ್ತವೆ. ನಾನೂ ಬಳಸಿದ್ದೇನೆ. ಆದ್ರೆ ಎಷ್ಟು ಹೊತ್ತಾಯ್ತು ನೋಡೋಣ ಅಂತ ಕೈಗೆತ್ತಿಕೊಳ್ಳೋದು ಅದೇ ಫೋನನ್ನ. ಎತ್ತಿದ ಮೇಲೆ ಬೆರಳು ಸುಮ್ನಿರಲ್ಲ. 2017ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದೋರು ಒಂದು ಪ್ರಯೋಗ ಮಾಡಿದ್ರು. ಕೆಲವರ ಫೋನ್ ಮೇಜಿನ ಮೇಲೆ, ಕೆಲವರದ್ದು ಜೇಬು ಅಥವಾ ಬ್ಯಾಗಲ್ಲಿ, ಕೆಲವರದ್ದು ಬೇರೆ ಕೋಣೇಲಿ, ಎಲ್ಲಾದ್ರದ್ದೂ ಸದ್ದು ಬಂದ್. ಬೇರೆ ಕೋಣೇಲಿ ಇಟ್ಟೋರು ನೆನಪು, ಯೋಚನೆಯ ಪರೀಕ್ಷೇಲಿ ಚೆನ್ನಾಗಿ ಮಾಡಿದ್ರು, ಮೇಜಿನ ಮೇಲೆ ಇಟ್ಟೋರು ಹಿಂದೆ ಬಿದ್ರು. ಆಮೇಲೆ ಬೇರೆಯೋರು ಇಂಥದ್ದೇ ಪ್ರಯೋಗ ಮಾಡಿದಾಗ ಎಲ್ಲರಿಗೂ ಅದೇ ಫಲ ಬರ್ಲಿಲ್ಲ, ಅದನ್ನೂ ಹೇಳ್ಬೇಕು. ನನ್ನ ಟೇಬಲ್ಲಿನ ಮಟ್ಟಿಗೆ ನಾನು ಕಂಡಿದ್ದು ಮಾತ್ರ ಮೊದಲನೇದೇ.

ಹಾಗಾಗಿ ಈ 300 ರೂಪಾಯಿಯನ್ನ ನಾನು ಟೈಮ್ ನೋಡೋಕೆ ಕೊಟ್ಟಿದ್ದಲ್ಲ, ಫೋನನ್ನ ಕೋಣೆಯಿಂದ ಹೊರಗೆ ಹಾಕೋಕೆ ಕೊಟ್ಟಿದ್ದು. ನಮ್ಮನೇಲಿ ಸಿಗ್ನಲ್ ಬರೋದೇ ಜಗಲಿಯ ಒಂದು ಮೂಲೇಲಿ, ಅಲ್ಲೂ ಎರಡು ಕಡ್ಡಿ, ಫೋನ್ ಅಲ್ಲೇ ಕಿಟಕಿ ಮೇಲೆ ಇರತ್ತೆ. ಕಾಲ್ ಬಂದ್ರೆ ಅತ್ತೆ ಎತ್ತಿ "ಅದು ಲೆಕ್ಕ ಬರೀತಾ ಇದ್ದು, ಆಮೇಲೆ ಫೋನ್ ಮಾಡ್ತು" ಹೇಳಿ ಇಡ್ತಾರೆ. ಅರ್ಜೆಂಟ್ ಇದ್ರೆ ಬಂದು ಕರೀತಾರೆ, ಅಷ್ಟು ಅರ್ಜೆಂಟಿನ ಫೋನು ಬರೋದು ತೀರಾ ಅಪರೂಪ ಅಂತ ಇದ್ರಿಂದಲೇ ಗೊತ್ತಾಗಿದ್ದು.

ಒಂದು ತೊಡಕು ಇದೆ, ನನ್ನ ಥರ ಕೆಲ್ಸ ಮಾಡೋರಿಗೆ ಉಪಯೋಗ ಆಗ್ಬಹುದು. ರಿಟರ್ನ್ ಕೊನೇಲಿ ಒಟಿಪಿ ಬೇಕು, ಅದು ಹೋಗೋದು ಅಂಗಡಿಯೋರ ಮೊಬೈಲಿಗೆ, ಅವರಿಗೆ ಫೋನ್ ಮಾಡಿ "ಒಟಿಪಿ ಬಂತಾ, ಹೇಳಿ" ಅಂತ ಕೇಳ್ಬೇಕು. ಮೊದ್ಲೆಲ್ಲ ಒಂದೊಂದು ಮುಗಿದ ಹಾಗೆ ಕೇಳ್ತಿದ್ದೆ. ಈಗ ಎಲ್ಲಾ ಫೈಲ್ ತಯಾರು ಮಾಡಿ ಇಟ್ಕೊಂಡು, ಲ್ಯಾಪ್‌ಟಾಪ್ ಜಗಲಿಗೆ ತಂದು, ಮಧ್ಯಾಹ್ನ ಊಟಕ್ಕಿಂತ ಮುಂಚೆ ಒಂದೇ ಸಲ ಎಲ್ಲರಿಗೂ ಫೋನ್ ಮಾಡಿ ಮುಗಿಸ್ತೇನೆ. ಅಂಗಡಿಯೋರಿಗೂ ಆ ಹೊತ್ತು ಅಭ್ಯಾಸ ಆಗಿದೆ, ಒಂದಿಬ್ರು ಅವರೇ ಫೋನ್ ಹಿಡ್ಕೊಂಡು ಕಾಯ್ತಾ ಇರ್ತಾರೆ.

25 ನಿಮಿಷ ಕೆಲ್ಸ 5 ನಿಮಿಷ ಬಿಡುವು, ನಾಲ್ಕು ಸುತ್ತು ಆದ್ಮೇಲೆ 15ರಿಂದ 30 ನಿಮಿಷ ದೊಡ್ಡ ಬಿಡುವು ಅನ್ನೋ ಪೊಮೊಡೊರೊ ಲೆಕ್ಕ ನಿಮ್ಗೆ ಗೊತ್ತಿರ್ಬಹುದು. ಇಟಲಿಯ ಫ್ರಾಂಚೆಸ್ಕೊ ಸಿರಿಲ್ಲೊ ಅನ್ನೋರು 1980ರ ದಶಕದ ಕೊನೇಲಿ ಕಾಲೇಜಲ್ಲಿ ಓದ್ತಾ ಇರೋವಾಗ ಟೊಮೇಟೊ ಆಕಾರದ ಇಂಥದ್ದೇ ಕಿಚನ್ ಟೈಮರ್ ಇಟ್ಕೊಂಡು ಶುರು ಮಾಡಿದ್ದು. ಬಿಲ್ ಎಂಟ್ರಿ ಮಾಡೋಕೆ 25 ನಿಮಿಷ ಹದವಾಗಿ ಹೊಂದತ್ತೆ. ತಾಳೆ ನೋಡೋ ಕೆಲ್ಸಕ್ಕೆ ಅದು ಸಾಲಲ್ಲ, ಲೆಕ್ಕದ ತುದಿ ಕೈಗೆ ಸಿಗೋ ಹೊತ್ತಿಗೆ ಗಂಟೆ ಹೊಡೀತದೆ, ಅದಕ್ಕೆ ನಾನು 45 ಇಡ್ತೇನೆ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ಅವಳೂ ಫಿಸಿಕ್ಸ್ ಪ್ರಾಬ್ಲಮ್ ಬಿಡಿಸೋಕೆ 40 ಬೇಕು ಅಂತಾಳೆ, ಬಯಾಲಜಿ ಓದೋಕೆ 25 ಸಾಕಂತೆ. ಸುತ್ತು ಎಷ್ಟು ಉದ್ದ ಅನ್ನೋದಕ್ಕಿಂತ ಬಿಡುವಲ್ಲಿ ಎಂತ ಮಾಡ್ತೀರಿ ಅನ್ನೋದು ದೊಡ್ಡದು. ಆ ಐದು ನಿಮಿಷದಲ್ಲಿ ಫೋನ್ ಹಿಡಿದ್ರೆ ಎಲ್ಲಾ ಹೋಯ್ತು. ನಾನು ಅಂಗಳಕ್ಕೆ ಹೋಗಿ ಬರ್ತೇನೆ, ನೀರು ಕುಡೀತೇನೆ, ಬಿಸಿ ಇದ್ರೆ ಒಂದು ಲೋಟ ಕಷಾಯ.

ಕೊಯ್ಲಿನ ಟೈಮಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರಾತ್ರಿ ಅಡಿಕೆ ಸುಲಿಯೋಕೆ ಕೂತೋರು ಊರ ಸುದ್ದಿ ಎಲ್ಲಾ ಮಾತಾಡ್ತಾ ಡಬ್ಬಿ ಮೇಲೆ ಡಬ್ಬಿ ತುಂಬಿಸ್ತಾರೆ, ಕೈ ತನ್ನಷ್ಟಕ್ಕೆ ಓಡತ್ತೆ, ತಪ್ಪೋದಿಲ್ಲ. ಅದನ್ನ ನೋಡಿ ಎರಡು ಕೆಲ್ಸ ಒಟ್ಟಿಗೆ ಆಗತ್ತೆ ಅಂದ್ಕೊಂಡ್ರೆ ಸುಲಿಯೋ ಕೆಲ್ಸಕ್ಕೆ ಮಾತ್ರ ಸರಿ, ಅದು ವರ್ಷಗಟ್ಟಲೆ ಕೈಗೆ ಕೂತಿರೋದು. ಅದೇ ಜನರ ಹತ್ರ ಮಾತಿನ ನಡುವೆ ಡಬ್ಬಿ ಎಣಿಸಿ ಕೂಲಿ ಲೆಕ್ಕ ಹಾಕಿ ಅಂದ್ರೆ "ಸ್ವಲ್ಪ ಸುಮ್ನಿರಿ" ಅಂತಾರೆ. ಓದೋದು, ಬರಿಯೋದು, ಕೂಡಿಸೋದು ಇವೆಲ್ಲ ಆ ಜಾತಿಯ ಕೆಲ್ಸ, ಜೊತೆಗೆ ಇನ್ನೊಂದು ಮಾತು ಸೇರಿಸೋಕೆ ಜಾಗ ಇಲ್ಲ. ಮಗಳು ರೀಲ್ಸ್ ಓಡಿಸ್ಕೊಂಡು ಓದ್ತೇನೆ ಅಂದಾಗ ನಾನು ಹೇಳೋದು ಇದನ್ನೇ.

ಇನ್ನು ವಸ್ತುವಿನ ಬಗ್ಗೆ. ಒಳಗೆ ಸ್ಪ್ರಿಂಗು, ಹಲ್ಲಿನ ಚಕ್ರ, ಒಂದು ಸಣ್ಣ ಗಂಟೆ, ಅಷ್ಟೇ ಇರೋದು. ಅದಕ್ಕೇ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ, ಅದ್ರ ಹಿಂದೆ ಇಂಟರ್ನೆಟ್ಟೂ ಹೋಗಿ, ಎಲ್ಲಾ ಬಂದ್ ಆದ್ರೂ ಇದು ನಡೀತದೆ, ನಾನು ಕಿಟಕಿ ಪಕ್ಕ ಕಾಗದದ ಮೇಲೆ ಬಿಲ್ಲು ಜೋಡಿಸ್ಕೊಳ್ತೇನೆ. ನಿಖರ ಅಂತ ಹೇಳೋಕಾಗಲ್ಲ, ನಂದು 25 ನಿಮಿಷಕ್ಕೆ ಒಂದರ್ಧ ನಿಮಿಷ ಆಚೀಚೆ ಆಗತ್ತೆ, ನಮ್ಮ ಕೆಲ್ಸಕ್ಕೆ ಅದು ಲೆಕ್ಕಕ್ಕಿಲ್ಲ. ಒಂದು ಮಾತ್ರ ಗೊತ್ತಿರ್ಲಿ: ನೇರ 10ಕ್ಕೋ 15ಕ್ಕೋ ತಿರುಗಿಸಿದ್ರೆ ಸ್ಪ್ರಿಂಗಿಗೆ ಬಲ ಸಾಲದೆ ಗಂಟೆ ಸರಿಯಾಗಿ ಹೊಡೆಯಲ್ಲ, ಮೊದ್ಲು 55ರ ತನಕ ಪೂರ್ತಿ ತಿರುಗಿಸಿ ಆಮೇಲೆ ಬೇಕಾದ ನಿಮಿಷಕ್ಕೆ ಹಿಂದೆ ತರ್ಬೇಕು. ಟಿಕ್ ಟಿಕ್ ಸದ್ದು ಇದೆ, ಸುಮಾರು ಜೋರೇ ಇದೆ. ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದಲ್ಲಿ ಕೇಳಿಸ್ಲೇ ಇಲ್ಲ, ಬೇಸಿಗೆ ಮಧ್ಯಾಹ್ನ ಮಾತ್ರ ಅತ್ತೆ ಒಳಗಿಂದ "ಅದೆಂತದೇ ಕೂಸೆ, ಟಿಕ್ ಟಿಕ್ ಹೇಳ್ತಾ ಇದ್ದು" ಅಂತ ಕೇಳಿದ್ರು. ಟೈಮರ್ ಕೆಳಗೆ ಒಂದು ದಪ್ಪ ಬಟ್ಟೆ ಮಡಚಿ ಇಟ್ರೆ ಅರ್ಧ ಕಮ್ಮಿ ಆಗತ್ತೆ. ನಂಗೆ ಆ ಸದ್ದು ಈಗ ಹಿಡಿಸಿದೆ, ಮಗಳಿಗೆ ಹಿಡಿಸಲ್ಲ, ಅವಳಿಗೆ ಬಟನ್ ಒತ್ತೋ ಡಿಜಿಟಲ್ ಟೈಮರ್ ತಂದ್ವಿ, ಅದರಲ್ಲೂ ತೊಂದ್ರೆ ಇಲ್ಲ, ಫೋನ್ ಅಲ್ಲ ಅನ್ನೋದೇ ಸಾಕು.

ಕರಾವಳಿ ಕಡೆಯೋರು ಸ್ಟೀಲ್ ಬಾಡಿದು ತಗೋಬೇಡಿ. ಕಾರವಾರದಲ್ಲಿರೋ ತಂಗಿ ನೋಡೋಕೆ ಚೆಂದ ಅಂತ ಸ್ಟೀಲಿಂದು ತಗೊಂಡಿದ್ಲು, ಸಮುದ್ರದ ಉಪ್ಪು ಗಾಳಿಗೆ ಅಂಚಲ್ಲಿ ತುಕ್ಕು ಹಿಡಿದು ಈಗ ತಿರುಗಿಸೋಕೇ ಬಿಗಿ. ಕುಮಟಾ, ಹೊನ್ನಾವರ, ಅಂಕೋಲಾ ಎಲ್ಲಾ ಕಡೆ ಅದೇ ಗಾಳಿ, ಪ್ಲಾಸ್ಟಿಕ್ ಬಾಡಿದು ಒಳ್ಳೇದು.

ರಾತ್ರಿ ನಿದ್ದೆ ಸರಿ ಇಲ್ದೋರಿಗೆ ಇದ್ರಿಂದ ಎಂತದೂ ಆಗಲ್ಲ, ಮೊದ್ಲು ನಿದ್ದೆ ಮಾಡಿ. ಚಿಕ್ಕಂದಿನಿಂದ್ಲೇ ಒಂದು ಕಡೆ ಕೂರೋಕೇ ಆಗದೆ ಓದು, ಕೆಲ್ಸ ಎಲ್ಲಾದ್ರಲ್ಲೂ ತೊಂದ್ರೆ ಪಡ್ತಾ ಇರೋ ಮಕ್ಳು, ದೊಡ್ಡೋರು ಇದ್ರೆ ದಯವಿಟ್ಟು ಡಾಕ್ಟರಿಗೆ ತೋರಿಸಿ, ಅವರನ್ನ ಸೋಮಾರಿ ಅಂತ ಬಯ್ಯಬೇಡಿ, ಟೈಮರ್ ಕೊಟ್ಟು ಸರಿಹೋಗು ಅಂತಲೂ ಹೇಳ್ಬೇಡಿ.

ಅಂಗಡೀಲಿ ತಗೊಳ್ಳೋದಾದ್ರೆ ದುಡ್ಡು ಕೊಡೋಕೆ ಮುಂಚೆ ಡಬ್ಬದಿಂದ ತೆಗೆಸಿ ಪೂರ್ತಿ ತಿರುಗಿಸಿ, ಎರಡು ನಿಮಿಷಕ್ಕೆ ತಂದು ಅಲ್ಲೇ ಇಟ್ಟು ಗಂಟೆ ಹೊಡಿಯೋ ತನಕ ನಿಲ್ಲಿ. ನಡುವೆ ನಿಂತ್ರೆ ಅಥ್ವಾ ಗಂಟೆ ಕುಟುಕು ಕುಟುಕು ಅಂತ ಸಣ್ಣಗೆ ಹೊಡೆದ್ರೆ ಬೇರೆ ಪೀಸ್ ಕೇಳಿ, ಒಂದೇ ಡಬ್ಬದ ಮಾಲಲ್ಲೂ ಒಂದು ಚೆನ್ನಾಗಿರತ್ತೆ ಇನ್ನೊಂದು ಇರಲ್ಲ.