ಸ್ಕ್ರೀನ್ ರೀಡರಲ್ಲಿ ಆನ್‌ಲೈನ್ ಡಿಗ್ರಿ: ಎರಡು ಸೆಮಿಸ್ಟರ್ ಆದ್ಮೇಲೆ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವ, ಕಣ್ಣು ಕಾಣುದಿಲ್ಲ, ಡಿಗ್ರಿ ಒಂದು ಆ್ಯಪಲ್ಲೇ ಮಾಡ್ತಾ ಇರುದು. ಲ್ಯಾಪ್‌ಟಾಪಿಗೆ ಎನ್‌ವಿಡಿಎ ಹಾಕಿದ್ದೇನೆ, ಪರದೆಯಲ್ಲಿ ಇದ್ದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದು, ಫ್ರೀ, ಅದರೊಟ್ಟಿಗೆ ಬರುವ ಇ-ಸ್ಪೀಕ್ ಅನ್ನುವ ಕಂಪ್ಯೂಟರ್ ಸ್ವರ ಕನ್ನಡವೂ ಓದ್ತದೆ, ಸ್ವರ ಮಾತ್ರ ಶೀತ ಆದ ರೋಬೋಟಿಂದು, ವಾರದಲ್ಲಿ ಅಭ್ಯಾಸ ಆಗ್ತದೆ ಮಾರಾಯ್ರೆ. ಹಾಗಾಗಿ ನಾನು ರೆಡಿ, ರೆಡಿ ಇಲ್ಲದ್ದು ಆ್ಯಪಿನವರು.

ನೋಟ್ಸ್ ಎಲ್ಲ ಪುಸ್ತಕ ಸ್ಕ್ಯಾನ್ ಮಾಡಿದ ಪಿಡಿಎಫ್, ಅಂದ್ರೆ ಬರೀ ಫೋಟೋ, ರೀಡರ್ ಬಾಯೇ ಬಿಡುದಿಲ್ಲ. ಟೈಪ್ ಮಾಡಿದ್ದು ಇದ್ರೂ ಯುನಿಕೋಡ್ ಅಲ್ಲದ ಹಳೇ ಫಾಂಟು, "ಕನ್ನಡ" ಅಂತ ಇರುವಲ್ಲಿ ಪಿ, ಪೌಂಡ್, ಕ್ಯೂ ಅಂತ ಎಂತೆಂತದೋ ಬಡಬಡಿಸ್ತದೆ. ಕ್ವಿಜ್ಜಲ್ಲಿ ಬಟನ್‌ಗಳಿಗೆ ಹೆಸರೇ ಇಲ್ಲ, "ಬಟನ್ ಬಟನ್ ಬಟನ್" ಅಷ್ಟೇ, ಸಬ್ಮಿಟ್ ಅಂತ ಅಂದಾಜಲ್ಲಿ ಒತ್ತಿದ್ದು ಲಾಗೌಟ್! ತಂಗಿ ನೆಗಾಡಿದ್ದೇ ನೆಗಾಡಿದ್ದು, ನನ್ನ ಹತ್ತು ಮಾರ್ಕು ಹೋಯ್ತು. ನೋಟೀಸು ಮಲಯಾಳದಲ್ಲಿ ಮಾತ್ರ, ಅದು ಬೇರೆಯೇ ಕಥೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವರಿಗೆ ಯಾರಾದ್ರೂ ಓದಿ ಹೇಳಿ, ಸ್ಕ್ಯಾನ್ ಮಾಡಿ ಬೇಡ.

ಒಳ್ಳೆದು ಇಲ್ಲ ಅಂತ ಅಲ್ಲ, ಲೆಕ್ಚರ್ ಡೌನ್‌ಲೋಡ್ ಆಗ್ತದೆ, ಮಳೆಗೆ ಕರೆಂಟು ಹೋದ್ರೂ ಮೊಬೈಲಲ್ಲಿ ಒಂದೂವರೆ ಸ್ಪೀಡಿಗೆ ಇಟ್ಟು ಕೇಳ್ಬಹುದು, ಬಸ್ಸಿನ ಬೋರ್ಡು ಯಾವುದು ಅಂತ ಕಂಡವರತ್ರ ಕೇಳುದೂ ತಪ್ಪಿತು.

ಎರಡೂವರೆ ಸ್ಟಾರ್, ಅದರಲ್ಲಿ ಎರಡು ಎನ್‌ವಿಡಿಎಗೆ.