ಅಮ್ಮನ ನೆನಪಿನ ಪುಸ್ತಕ ಮಾಡಿಸುವವರಿಗೆ: ಲೇಫ್ಲ್ಯಾಟ್ ಆಲ್ಬಮ್ಮೋ, ಹೊಲಿದ ಪುಸ್ತಕವೋ?

ತೀರಿಕೊಂಡ ಅಮ್ಮನ ಅಥವಾ ಅಜ್ಜಿಯ ಹಳೆಯ ಫೋಟೊಗಳನ್ನೂ ಮಕ್ಕಳು, ಮೊಮ್ಮಕ್ಕಳು ಬರೆದದ್ದನ್ನೂ ಸೇರಿಸಿ ಪುಸ್ತಕ ಮಾಡಿಸಲು ಹೊರಟರೆ, ಫೋಟೊಬುಕ್ ಸೇವೆಗಳು ಮೊದಲು ಮುಂದಿಡುವುದು ಲೇಫ್ಲ್ಯಾಟ್ ಆಲ್ಬಮ್ಮನ್ನು. ದಪ್ಪ ಹಾಳೆ, ಬಿಚ್ಚಿದರೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ನೋಡಲು ಭರ್ಜರಿ. ಆದರೂ ಈ ಕೆಲಸಕ್ಕೆ ಅದು ಹೊಂದುವುದಿಲ್ಲ. ಎದುರುಬದುರಿನ ಎರಡು ಪುಟಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, ನಡುವೆ ಮಡಚಿ, ಬೆನ್ನಿಗೆ ಬೆನ್ನು ಅಂಟಿಸುವುದರಿಂದ ಮೂವತ್ತು ನಲವತ್ತು ಪುಟಕ್ಕೇ ಪುಸ್ತಕ ಇಟ್ಟಿಗೆಯಷ್ಟು ದಪ್ಪವಾಗುತ್ತದೆ. ಎಪ್ಪತ್ತು ಎಂಬತ್ತು ವರ್ಷದ ಬದುಕು ಅಷ್ಟರಲ್ಲಿ ಹಿಡಿಯುವುದಿಲ್ಲ. ಪ್ರತಿ ಹೆಚ್ಚುವರಿ ಪ್ರತಿಯೂ ದುಬಾರಿ, ಹಾಗಾಗಿ ಒಂದೇ ಪ್ರತಿ ಮಾಡಿಸಿ ಅದು ಯಾರ ಮನೆಯಲ್ಲಿರಬೇಕು ಎಂಬ ಹಗ್ಗಜಗ್ಗಾಟ ಶುರುವಾಗುತ್ತದೆ.

ಡಿಜಿಟಲ್ ಪ್ರೆಸ್‌ನಲ್ಲಿ ಮುದ್ರಿಸಿ, ದಾರದಿಂದ ಹೊಲಿದು, ಗಟ್ಟಿ ರಟ್ಟು ಹಾಕಿದ ಪುಸ್ತಕವೇ ಮೇಲು. 150ರಿಂದ 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದ ಸಾಕು. ಹೊಳಪು ಕಾಗದದಲ್ಲಿ ದೀಪದ ಬೆಳಕು ಮಿಂಚಿ, ಓದುವವರು ಪುಸ್ತಕವನ್ನು ಆಚೀಚೆ ಓರೆ ಮಾಡುತ್ತಿರಬೇಕಾಗುತ್ತದೆ. ‘ಪರ್ಫೆಕ್ಟ್ ಬೈಂಡಿಂಗ್’ ಎಂಬ ಹೆಸರಿಗೆ ಮರುಳಾಗಬೇಡಿ. ಅದು ಬರೀ ಅಂಟು. ಕೋಟಿಂಗ್ ಇರುವ ಕಾಗದವನ್ನು ಸಾಮಾನ್ಯ ಬಿಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಹತ್ತಾರು ಕೈ ಬದಲಾಗುವಷ್ಟರಲ್ಲಿ ಹಾಳೆಗಳು ಕಳಚಿ ಬರುತ್ತವೆ. ಹೊಲಿಗೆ ಇಲ್ಲದಿದ್ದರೆ ಪಿಯುಆರ್ ಎಂಬ ಹೆಚ್ಚು ಗಟ್ಟಿ ಹಿಡಿತದ ಅಂಟಾದರೂ ಇದೆಯೇ ಎಂದು ಕೇಳಿ. ಹೊಲಿದ ಪುಸ್ತಕಕ್ಕಿರುವ ಒಂದೇ ಕೊರತೆ ನಡುವಿನ ಸಂದು: ಅಲ್ಲಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಯಾರ ಮುಖವೂ ಬರಬಾರದು. ಹೊರ ಅಂಚಿನಲ್ಲಿ ಕತ್ತರಿಸಿ ಹೋಗುವ ಭಾಗಕ್ಕೆಂದು ಚಿತ್ರವನ್ನು 3 ಮಿಲಿಮೀಟರ್ ಹೆಚ್ಚುವರಿ ಬಿಡಬೇಕು.

ಇನ್ನು ಸ್ಕ್ಯಾನಿಂಗ್. ಹೆಚ್ಚಿನ ಪುಸ್ತಕಗಳು ಕೆಡುವುದು ಇಲ್ಲೇ. ಮನೆಮಂದಿಯೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊಗಳನ್ನೇ ಪುಟಕ್ಕೆ ಹಾಕಿದರೆ ಮುಖಗಳು ಮಸುಕಾಗುತ್ತವೆ. ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಅದು ಐದು ಇಂಚು ಚಿಲ್ಲರೆ ಅಗಲಕ್ಕೆ ಸಾಕು, ಇಡೀ ಪುಟಕ್ಕೆ ಸಾಲದು. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಈ ತೊಂದರೆ ಇಲ್ಲ. ಮೂಲ ಪ್ರಿಂಟ್ ಕೈಯಲ್ಲಿದ್ದರೆ 4x6 ಇಂಚಿನದನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ: 2400x3600 ಪಿಕ್ಸೆಲ್ ಸಿಗುತ್ತದೆ, 8x12 ಇಂಚಿನವರೆಗೆ ಹಿಗ್ಗಿಸಬಹುದು. ಪಾಸ್‌ಪೋರ್ಟ್ ಸೈಜಿನದಕ್ಕೆ 1200 ಇಡಿ. ಅದಕ್ಕಿಂತ ಮೇಲೆ ಹೋದರೆ ಕಾಗದದ ತರಿ ಮಾತ್ರ ದೊಡ್ಡದಾಗುತ್ತದೆ, ಮುಖ ಸ್ಪಷ್ಟವಾಗುವುದಿಲ್ಲ. ಕಪ್ಪು-ಬಿಳುಪಿನದನ್ನೂ ಕಲರ್ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿದರೆ ಹಳದಿ ಕಲೆಗಳನ್ನು ಆಮೇಲೆ ಬೇರ್ಪಡಿಸುವುದು ಸುಲಭ. ಟಿಫ್ ಆಗಿ ಉಳಿಸಿ. ಜೆಪೆಗ್ ತಿದ್ದಿ ಉಳಿಸಿದಾಗಲೆಲ್ಲ ಒಂದಿಷ್ಟು ವಿವರ ಕಳೆದುಕೊಳ್ಳುತ್ತದೆ.

ಫೋಟೊದ ಬೆನ್ನನ್ನೂ ಸ್ಕ್ಯಾನ್ ಮಾಡಬೇಕು. ಪೆನ್ಸಿಲ್‌ನಲ್ಲಿ ಬರೆದ ಇಸವಿ, ಸ್ಟುಡಿಯೊ ಮೊಹರು, ಅಮ್ಮನದೇ ಅಕ್ಷರದಲ್ಲಿ ಅರ್ಧಕ್ಕೆ ಅಳಿಸಿದ ಒಂದು ಹೆಸರು, ಇಂಥದ್ದೆಲ್ಲ ಸಿಗುವುದು ಅಲ್ಲಿಯೇ. ಸೇವೆಯವರಿಗೆ ಸ್ಕ್ಯಾನಿಂಗ್ ಒಪ್ಪಿಸಿದರೆ ಇದನ್ನು ಬೇರೆಯಾಗಿ ಹೇಳದೆ ಮಾಡುವವರು ಕಡಿಮೆ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಫೋಟೊ ಕಚ್ಚಿಕೊಂಡಿದ್ದರೆ ಉಗುರಿನಿಂದ ಎಬ್ಬಿಸಬೇಡಿ, ಮೂಲೆ ಮುರಿಯುತ್ತದೆ. ಮೇಣ, ಪರಿಮಳ ಇಲ್ಲದ ಡೆಂಟಲ್ ಫ್ಲಾಸ್ ದಾರವನ್ನು ಅಡಿಯಲ್ಲಿ ತೂರಿಸಿ, ಗರಗಸದ ಹಾಗೆ ನಿಧಾನವಾಗಿ ಎಳೆಯಿರಿ. ಚೌಕಟ್ಟಿನ ಗಾಜಿಗೇ ಅಂಟಿದ್ದರೆ ಬಿಡಿಸಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಎಐ ‘ಫೇಸ್ ಎನ್‌ಹಾನ್ಸ್’ ಸೌಲಭ್ಯವನ್ನು ಆಫ್ ಮಾಡಿಡಿ. ಗುಂಪು ಫೋಟೊದಲ್ಲಿ ಅಜ್ಜಿಯ ಮುಖ ಐವತ್ತು ಅರವತ್ತು ಪಿಕ್ಸೆಲ್ ಅಗಲ ಇದ್ದರೆ ಅದರಲ್ಲಿ ಕಣ್ಣಿನ ಸೂಕ್ಷ್ಮ ವಿವರವೇ ಇರುವುದಿಲ್ಲ. ಯಂತ್ರ ಅದನ್ನು ತಾನೇ ಊಹಿಸಿ ಬರೆಯುತ್ತದೆ. ಹಲ್ಲು ಸಾಲಾಗುತ್ತದೆ, ಗಲ್ಲದ ಮಚ್ಚೆ ಮಾಯವಾಗುತ್ತದೆ, ಅವರನ್ನು ಕಂಡವರು ‘ಇದು ಯಾರು?’ ಎನ್ನುತ್ತಾರೆ. ಗೀರು, ಕಲೆ ತೆಗೆಸುವುದಕ್ಕೆ ಅಡ್ಡಿಯಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಲೆನೋವಿದೆ. ಹಲವು ಸೇವೆಗಳ ಆನ್‌ಲೈನ್ ಎಡಿಟರ್ ಪರದೆಯ ಮೇಲೆ ಸರಿಯಾಗಿ ತೋರಿಸಿ, ಮುದ್ರಣದಲ್ಲಿ ಒತ್ತಕ್ಷರ ಬಿಡಿಸಿಬಿಡುತ್ತದೆ. ಅರ್ಕಾವತ್ತು ತನ್ನ ಜಾಗ ಬಿಟ್ಟು ಇನ್ನೆಲ್ಲೋ ಕೂರುತ್ತದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನಲ್ಲಿರುವ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರಂತೂ ಬರೀ ಚಿತ್ರವಿಚಿತ್ರ ಚಿಹ್ನೆಗಳು. ಪಠ್ಯವನ್ನು ನಿಮ್ಮ ಕಂಪ್ಯೂಟರಿನಲ್ಲೇ ಜೋಡಿಸಿ, ಫಾಂಟ್ ಅಡಕ ಮಾಡಿದ ಪಿಡಿಎಫ್ ಕೊಡುವುದು ಸುರಕ್ಷಿತ. ಪಿಡಿಎಫ್ ತೆಗೆದುಕೊಳ್ಳದ ಸೇವೆಯಾದರೆ ಪಠ್ಯವನ್ನು 600 ಡಿಪಿಐ ಚಿತ್ರವಾಗಿ ಹಾಕಿ. ಅಕ್ಷರ 12 ಪಾಯಿಂಟ್‌ಗಿಂತ ಚಿಕ್ಕದು ಬೇಡ, ಒತ್ತುಗಳು ಕೆಳಸಾಲಿಗೆ ತಾಗದಂತೆ ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಶೋಕಕ್ಕೆ ತಕ್ಕದ್ದು ಎಂದು ಟೆಂಪ್ಲೇಟ್ ಮಾಡಿದವರು ಭಾವಿಸಿದಂತಿದೆ. ಸಣ್ಣ ಒತ್ತುಗಳಲ್ಲಿ ಶಾಯಿ ತುಂಬಿ ಅಲ್ಲಿ ಏನೂ ಓದಲಾಗುವುದಿಲ್ಲ.

‘ಆಟೋಫಿಲ್’ ಕೂಡ ಬೇಡ. ಅದು ಕಡತದ ದಿನಾಂಕ ನೋಡಿ ಫೋಟೊ ಜೋಡಿಸುತ್ತದೆ. ಸ್ಕ್ಯಾನ್ ಮಾಡಿದ್ದಕ್ಕೆಲ್ಲ ಈ ವಾರದ ದಿನಾಂಕವೇ ಇರುವುದರಿಂದ ಮೊಮ್ಮಗುವಿನ ನಾಮಕರಣ ಮುಗಿದ ಮೇಲೆ ಅಜ್ಜಿಯ ಮದುವೆ ಬರುತ್ತದೆ. ಕಡತದ ಹೆಸರನ್ನೇ ಇಸವಿಯಿಂದ ಶುರುಮಾಡಿ. ಅಡಿಬರಹದಲ್ಲಿ ‘ಅಮ್ಮ’, ‘ದೊಡ್ಡಮ್ಮ’ ಎಂದಷ್ಟೇ ಬರೆದರೆ ಮುಂದಿನ ತಲೆಮಾರಿಗೆ ಯಾರ ಅಮ್ಮ, ಯಾರ ದೊಡ್ಡಮ್ಮ ಎಂದು ತಿಳಿಯದು. ಎಡದಿಂದ ಬಲಕ್ಕೆ ಪೂರ್ಣ ಹೆಸರು, ಇಸವಿ, ಸ್ಥಳ ಬರಲಿ.

ಅಮ್ಮನ ಧ್ವನಿಮುದ್ರಣ ಕೇಳಿಸಲು ಕ್ಯೂಆರ್ ಕೋಡ್ ಹಾಕಿಕೊಡುವ ಸೌಲಭ್ಯ ಚೆನ್ನಾಗಿದೆ, ಆದರೆ ಕೋಡ್ ಸೇವೆಯ ಸ್ವಂತ ಕೊಂಡಿಯ ಮೂಲಕ ಹೋಗುವಂಥದ್ದಾದರೆ ಚಂದಾ ನಿಂತ ದಿನ ಧ್ವನಿಯೂ ನಿಲ್ಲುತ್ತದೆ. ವಾಟ್ಸಾಪ್ ವಾಯ್ಸ್ ಮೆಸೇಜುಗಳ ಓಪಸ್ ಕಡತಗಳನ್ನು ಫೋನ್ ಬದಲಿಸುವ ಮೊದಲೇ ಎರಡು ಕಡೆ ನಕಲು ಮಾಡಿಡಿ.

ಎಲ್ಲ ಪ್ರತಿಗಳಿಗೂ ಒಟ್ಟಿಗೆ ಆರ್ಡರ್ ಕೊಡಬೇಡಿ, ಮೊದಲು ಒಂದು ಮಾದರಿ ಪ್ರತಿ ತರಿಸಿ. ಪರದೆ ತಾನೇ ಬೆಳಗುವುದರಿಂದ ಮುದ್ರಣ ಅದಕ್ಕಿಂತ ಮಂಕಾಗಿ ಬರುವುದು ಸಹಜ. ಕಪ್ಪು-ಬಿಳುಪು ಫೋಟೊಗಳು ನಾಲ್ಕು ಬಣ್ಣದ ಶಾಯಿಯಲ್ಲಿ ಹಸಿರಿಗೋ ಗುಲಾಬಿಗೋ ತಿರುಗಿವೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ತಿರುಗಿದ್ದರೆ ಅವಕ್ಕೆಲ್ಲ ಒಂದೇ ತೆಳು ಕಂದು ಛಾಯೆ ಕೊಟ್ಟರೆ ಎದ್ದು ಕಾಣುವುದಿಲ್ಲ. ಹೆಸರು, ಇಸವಿಗಳ ಮೇಲೆ ಮನೆಯ ಹಿರಿಯರೊಬ್ಬರು ಕಣ್ಣಾಡಿಸಿ ಒಪ್ಪಿದ ಮೇಲೆ ಉಳಿದ ಪ್ರತಿಗಳನ್ನು ಹಾಕಿಸಿ, ಅಂತಿಮ ಪಿಡಿಎಫ್ ಅನ್ನು ಕೇಳಿ ಪಡೆದುಕೊಳ್ಳಿ. ಅದನ್ನು ಕೊಡಲು ಒಪ್ಪದ ಸೇವೆಗೆ ಮೊದಲೇ ಆರ್ಡರ್ ಕೊಡದಿರುವುದು ಒಳ್ಳೆಯದು.