ಕರೆಂಟ್ ಬಿಲ್‌ಗೆ ಆಟೋಪೇ: ರಾಯಚೂರಿನ ಬೇಸಿಗೆಯಲ್ಲಿ ಬಳಸಿ ನೋಡಿದ್ದು

ಕರೆಂಟ್ ಬಿಲ್‌ಗೆ ಫೋನಿನ ಆ್ಯಪ್‌ನಲ್ಲಿ ಆಟೋಪೇ ಹಾಕಿದ್ದೇನೆ, ಚೆನ್ನಾಗಿದೆ. ಕೌಂಟರ್ ಮುಂದೆ ನಿಲ್ಲೋದು ತಪ್ಪಿತು. ಆದರೆ ಒಂದು ವಿಷಯ ಗೊತ್ತಿರಲಿ, ಆಟೋಪೇ ಅಂದರೆ ತಿಂಗಳಿಗೆ ಇಷ್ಟೇ ಅಂತ ಕಟ್ಟೋದಲ್ಲ, ನಾವು ಇಟ್ಟ ಗರಿಷ್ಠ ಮೊತ್ತದೊಳಗೆ ಬಿಲ್ ಎಷ್ಟು ಬರುತ್ತೋ ಅಷ್ಟೂ ಖಾತೆಯಿಂದ ತಾನಾಗೇ ಹೋಗುತ್ತದೆ. ದರ ಏರಿದರೂ ಅಷ್ಟೇ. 2025ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 36 ಪೈಸೆ ಪಿಂಚಣಿ ಸರ್‌ಚಾರ್ಜ್ (ವಿದ್ಯುತ್ ನೌಕರರ ಪಿಂಚಣಿಗಾಗಿ ಹಾಕಿದ ಹೆಚ್ಚುವರಿ ಶುಲ್ಕ) ಬಂತಲ್ಲ, ಅಂಥದ್ದೂ ತಾನಾಗೇ ಸೇರಿಬಿಡುತ್ತದೆ. ಇನ್ನು ನಮ್ಮ ಮೇ ತಿಂಗಳಲ್ಲಿ ಕೂಲರ್ ರಾತ್ರಿಯಿಡೀ ಓಡಬೇಕು ಅಲ್ವಾ, ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ಮೇಲೆ. ಹಾಗಾಗಿ ಆಟೋಪೇ ಹಾಕುವಾಗ ಗರಿಷ್ಠ ಮೊತ್ತದ ಜಾಗದಲ್ಲಿ ಸುಮ್ನೆ 15,000 ಬಿಡಬೇಡಿ, ಹೋದ ಬೇಸಿಗೆಯ ಬಿಲ್ ನೋಡಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇಡಿ. ಹಣ ಹೋಗುವ 24 ಗಂಟೆ ಮೊದಲೇ ಮೆಸೇಜ್ ಬರುತ್ತದೆ, ಅದನ್ನು ಓದಿ.